ನಡುವೆ ಎದ್ದು ಹೋಗಲು ಬಿಡುವ ಗೇಮು

ಸೈಬರ್ ಕೆಫೆಯಲ್ಲಿ ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ ಆಡಿದ ಹುಡುಗರು ಈಗ ನಲವತ್ತರ ಆಜುಬಾಜು ಇದ್ದಾರೆ. ಮಕ್ಕಳು ಸಾಲಿಗೆ ಹೋಗುವಷ್ಟಾದ ಮೇಲೆ ಮತ್ತೆ ಆಡೋಣ ಅನಿಸಿದರೆ, ಎಲ್ಲರೂ ಮೊದಲು ಕೇಳುವುದು ಯಾವ ಗ್ರಾಫಿಕ್ಸ್ ಕಾರ್ಡ್ ತರಲಿ ಅಂತ. ವಿಜಯಪುರದಲ್ಲಿ ಸಂಸಾರ ಇಟ್ಟುಕೊಂಡು ನಾನು ಗೇಮನ್ನೂ ಮಶೀನನ್ನೂ ಆರಿಸುವುದು ಒಂದೇ ಅಳತೆಯ ಮೇಲೆ: ಯಾವ ಗಳಿಗೆಯಲ್ಲಿ ಬಿಟ್ಟೆದ್ದರೂ ಆಡಿದ್ದು ಹಾಳಾಗಬಾರದು. ಮಗು ಏಳುತ್ತದೆ, ಕುಕ್ಕರ್ ಕೂಗುತ್ತದೆ, ಕರೆಂಟ್ ಹೋಗುತ್ತದೆ. ಮೂರಕ್ಕೂ ಹೇಳಿ ಬರುವ ರೂಢಿ ಇಲ್ಲ.

ಅಟ್ಟದ ಮೇಲಿನ ಹಳೇ ಡೆಸ್ಕ್‌ಟಾಪ್ ಇಳಿಸುವ ಆಸೆ ಬಿಡಿ. ಅದರಲ್ಲಿರುವ ವಿಂಡೋಸ್ 7ಕ್ಕೆ, ಕಂಪ್ಯೂಟರ್ ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2024ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಆಗಿನ ಅಸಲಿ ಸಿಡಿಗಳನ್ನು ಹೊಸ ಮಶೀನಿಗೆ ಹಾಕಿದರೂ ಹಲವು ಓಡುವುದಿಲ್ಲ. ಅವುಗಳಲ್ಲಿದ್ದ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗಕ್ಕೆ ಒಂದು ಡ್ರೈವರ್ ಬೇಕು, ಅದನ್ನು ವಿಂಡೋಸ್ 10 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಿಡಿ ಒರೆಸುತ್ತ ಕೂರಬೇಡಿ. ಅದೇ ಗೇಮು ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಬೀಗವಿಲ್ಲದೆ ಸಿಗುತ್ತದಾ ನೋಡಿ.

ಕೊಳ್ಳುವುದಾದರೆ ಆಫೀಸುಗಳಲ್ಲಿ ಓಡಿ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಪ್ರೊಸೆಸರ್ ಇಂಟೆಲ್ ಆದರೆ 8ನೇ ಜನರೇಶನ್‌ಗಿಂತ ಕೆಳಗೆ ಇಳಿಯಬೇಡಿ, ಅದಕ್ಕಿಂತ ಹಳೆಯದಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ರ‍್ಯಾಮ್ 16 ಜಿಬಿ ಇರಲಿ, ಆದರೆ ಒಂದೇ ಕಡ್ಡಿಯಲ್ಲಲ್ಲ, 8ರ ಎರಡು ಕಡ್ಡಿಗಳಲ್ಲಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಬಳಸುತ್ತದೆ. ಎರಡು ಕಡ್ಡಿ ಇದ್ದರೆ ದಾರಿ ಎರಡಾಗುತ್ತದೆ, ಗೇಮು ಕಣ್ಣಿಗೆ ಕಾಣುವಷ್ಟು ಸಲೀಸಾಗಿ ಓಡುತ್ತದೆ. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗ ತುಂಬುವಷ್ಟು) ಡಿಸೈನ್ ಕೆಪ್ಯಾಸಿಟಿಯ (ಹೊಸದಿದ್ದಾಗ ತುಂಬುತ್ತಿದ್ದಷ್ಟರ) ಅರ್ಧಕ್ಕೆ ಬಂದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

ಬ್ಯಾಟರಿಗೆ ಇಷ್ಟು ಒತ್ತು ಯಾಕೆಂದರೆ ಲ್ಯಾಪ್‌ಟಾಪಿಗೆ ಅದೇ ಯುಪಿಎಸ್. ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಶನ್ 5ನ್ನು ಪೂರ್ತಿ ಬಂದ್ ಮಾಡದೆ ರೆಸ್ಟ್ ಮೋಡಿನಲ್ಲಿ ಬಿಟ್ಟು ಹೋದಾಗ ಆಟ ರ‍್ಯಾಮಿನಲ್ಲಿ ಉಳಿದಿರುತ್ತದೆ. ಕರೆಂಟ್ ಹೋಯಿತೋ, ಸೇವ್ ಆಗದ್ದೆಲ್ಲ ಹೋಯಿತು. ಎಕ್ಸ್‌ಬಾಕ್ಸ್ ಸೀರೀಸ್ ಮಶೀನುಗಳ ಕ್ವಿಕ್ ರೆಸ್ಯೂಮ್ ಸೌಲಭ್ಯ ಆಟವನ್ನು ಒಳಗಿನ ಡಿಸ್ಕಾದ ಎಸ್‌ಎಸ್‌ಡಿಗೆ ಬರೆದಿಡುವುದರಿಂದ ಪ್ಲಗ್ ಕಿತ್ತರೂ ಉಳಿಯುತ್ತದೆ. ಮನೆಯ ಇನ್ವರ್ಟರ್ ಮೇಲೆ ಡೆಸ್ಕ್‌ಟಾಪ್ ನಡೆಸುವವರು ಅದರ ಹಿಂಬದಿಯ ಯುಪಿಎಸ್, ಇಕೊ ಸ್ವಿಚ್ ನೋಡಿಕೊಳ್ಳಿ. ಇಕೊದಲ್ಲಿದ್ದರೆ ಕರೆಂಟ್ ಬದಲಾಗುವ ಹೊತ್ತಿನಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ಅದಕ್ಕೂ ಒಂದು ತಂಟೆ ಇದೆ: ವೋಲ್ಟೇಜ್ ಸುಮಾರು 180ರ ಕೆಳಗೆ ಬಂದರೆ ಲೈನ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆ ವೋಲ್ಟೇಜ್ ಬೀಳುವ ಓಣಿಯಲ್ಲಿ ರಾತ್ರಿ ಫ್ಯಾನಿಗೆ ಚಾರ್ಜ್ ಉಳಿಯುವುದಿಲ್ಲ, ಆಗ ಮನೆಯವರ ಹತ್ತಿರ ಮಾತು ಕೇಳಬೇಕಾಗುತ್ತದೆ.

ನಮ್ಮ ಕಡೆ ಇನ್ನೊಂದು ಶತ್ರು ಬಿಸಿಲು ಮತ್ತು ಧೂಳು. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಗೇಮು ತಡೆತಡೆದು ನಡೆದರೆ ಗ್ರಾಫಿಕ್ಸನ್ನು ಬಯ್ಯಬೇಡಿ, ಬಿಸಿ ನೋಡಿ. 95ರಿಂದ 100 ಡಿಗ್ರಿ ಮುಟ್ಟಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಬಿಳಿಜೋಳದ ರಾಶಿ ಮುಗಿದು ಬೇಸಿಗೆ ಹತ್ತುವ ಮುಂಚೆ ಲ್ಯಾಪ್‌ಟಾಪಿನ ತಳದ ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಫ್ಯಾನಿನ ಎಲೆಗಳ ಮೇಲಿನ ಧೂಳು ದೊಡ್ಡದಲ್ಲ. ಫ್ಯಾನಿನ ಮುಚ್ಚಳ ಎತ್ತಿದರೆ, ಗಾಳಿ ಹೊರಹೋಗುವ ತೆಳು ತಗಡುಗಳ ಬಾಯಿಗೆ ಕಂಬಳಿ ತುಂಡಿನಂಥ ಬೂದು ಪಟ್ಟಿ ಅಡ್ಡಲಾಗಿ ಕೂತಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಇನ್ನಷ್ಟು ಒಳಗೆ ಒತ್ತಿಕೊಳ್ಳುತ್ತದೆ. ಚಿಮಟದಿಂದ ಎಳೆದು ತೆಗೆದು, ಆಮೇಲೆ ಗಾಳಿ ಹೊಡೆಯಿರಿ. ಹೊಡೆಯುವಾಗ ಫ್ಯಾನ್ ತಿರುಗದಂತೆ ಕಡ್ಡಿ ಸಿಕ್ಕಿಸಿಡಿ, ಇಲ್ಲದಿದ್ದರೆ ಮಿತಿ ಮೀರಿ ತಿರುಗಿ ಬೇರಿಂಗ್ ಸಡಿಲಾಗುತ್ತದೆ. ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ, ಸ್ವಲ್ಪವೇ ಸಾಕು.

ಇಷ್ಟಾದರೂ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ ಕಾದಿರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿದರೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ, ಅಂದರೆ ಪ್ರೊಸೆಸರಿನ ಹೆಚ್ಚುವರಿ ವೇಗ, ನಿಲ್ಲುತ್ತದೆ, ಬಿಸಿ ಚೆನ್ನಾಗಿ ತಗ್ಗುತ್ತದೆ. ಫ್ರೇಮ್ ಮಿತಿಯನ್ನೂ (ಸೆಕೆಂಡಿಗೆ ಎಷ್ಟು ಚಿತ್ರ) 30 ಅಥವಾ 40ಕ್ಕೆ ಕಟ್ಟಿಬಿಡಿ. ಏರಿಳಿಯುವ 55ಕ್ಕಿಂತ ಒಂದೇ ಸಮನಾದ 40 ಕಣ್ಣಿಗೆ ಹಿತ.

ಈಗ ಗೇಮಿನ ಮಾತು. ಅಂಗಡಿಪುಟದಲ್ಲಿ ಟ್ರೇಲರ್ ನೋಡುವುದಕ್ಕಿಂತ ಸೇವ್ ಹೇಗೆ ಆಗುತ್ತದೆ ಅನ್ನುವುದನ್ನು ಹುಡುಕಿ ಓದಿ. ಹೊಲ ಮಾಡುವ ಗೇಮು ಸ್ಟಾರ್ಡ್ಯೂ ವ್ಯಾಲಿ ಕಂಪ್ಯೂಟರಿನಲ್ಲಿ ಸೇವ್ ಆಗುವುದು ಆಟದೊಳಗೆ ಮಲಗಿದಾಗ ಮಾತ್ರ. ಅಲ್ಲಿನ ಒಂದು ಪೂರ್ತಿ ದಿನ ಸುಮಾರು 14 ನಿಮಿಷ, ಅಂದರೆ ನಡುವೆ ಮುಚ್ಚಿದರೂ ನಷ್ಟ ಅಷ್ಟರೊಳಗೇ. ಕೋಣೆ ಕೋಣೆ ದಾಟುತ್ತ ಕಾದಾಡುವ ಹೇಡೀಸ್‌ನಲ್ಲಿ, ನಡುವೆ ಮುಚ್ಚಿದರೆ, ನೀವು ನಿಂತ ಕೋಣೆಯ ಆರಂಭಕ್ಕೆ ವಾಪಸ್ ಬರುತ್ತೀರಿ. ಏಜ್ ಆಫ್ ಎಂಪೈರ್ಸ್ 2, 2019ರ ಡೆಫಿನಿಟಿವ್ ಆವೃತ್ತಿಯಲ್ಲಿ, ಕಂಪ್ಯೂಟರ್ ಎದುರು ಆಡುವಾಗ ಬೇಕೆಂದಲ್ಲಿ ಸೇವ್ ಆಗುತ್ತದೆ. ಹಳೇ ಕೈಗಳಿಗೆ ಇದೇ ಒಳ್ಳೆಯ ಬಾಗಿಲು. ಕೌಂಟರ್ ಸ್ಟ್ರೈಕ್ 2ರ ಕಾಂಪಿಟಿಟಿವ್ ಪಂದ್ಯ, ಮೊಬೈಲಿನ ಆನ್‌ಲೈನ್ ಗೇಮು ಬಿಜಿಎಂಐ, ಇವು ಮಕ್ಕಳು ಮಲಗಿದ ಮೇಲಿನ ಬಾಬತ್ತು. ಅಲ್ಲಿ ಆಟ ತಡೆದು (ಪಾಜ್ ಒತ್ತಿ) ಎದ್ದು ಹೋಗುವ ಸೌಕರ್ಯ ಇಲ್ಲ, ಜತೆಗಿರುವವರ ಆಟವೂ ಕೆಡುತ್ತದೆ. ತಂದ ಗೇಮು ಒಗ್ಗದಿದ್ದರೆ ಸ್ಟೀಮ್‌ನಲ್ಲಿ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಬರುತ್ತದೆ. ಆ ಎರಡು ತಾಸನ್ನು ಕಥೆ ನೋಡಲು ಕಳೆಯಬೇಡಿ, ನಡುವೆ ಮುಚ್ಚಿ ತೆರೆದು ಪರೀಕ್ಷಿಸಿ.

ಮೊದಲ ವಾರ ತಲೆ ಸುತ್ತಿದರೆ ವಯಸ್ಸಾಯಿತು ಅಂತ ಕೈಬಿಡಬೇಡಿ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಚಿತ್ರ ಮಸುಕು ಮಾಡುವ, ಅಲುಗಾಡಿಸುವ ಮೋಶನ್ ಬ್ಲರ್, ಕ್ಯಾಮೆರಾ ಶೇಕ್, ಹೆಡ್ ಬಾಬ್ ಮೂರನ್ನೂ ಆಫ್ ಮಾಡಿ, ಫೀಲ್ಡ್ ಆಫ್ ವ್ಯೂ (ನೋಟದ ಅಗಲ) 90ರ ಹತ್ತಿರ ಇಡಿ. ಚಾಳೀಸು ಬಂದವರು ಸಬ್‌ಟೈಟಲ್ ದೊಡ್ಡದು ಮಾಡಿಕೊಳ್ಳಿ. ಟಿವಿಗೆ ಜೋಡಿಸಿದ್ದರೆ ಗೇಮ್ ಮೋಡ್ ಹಾಕದೆ ಆಡಲೇಬೇಡಿ. ಚಿತ್ರ ತಿದ್ದುತ್ತ ಟಿವಿ ತಡಮಾಡುತ್ತದೆ, ನಿಮಗೆ ಕೈ ಮಂದವಾಗಿದೆ ಅನಿಸುತ್ತದೆ.

ಸ್ವಲ್ಪ ದಿನಕ್ಕೆ "ಪಪ್ಪಾ, ನಂಗೂ ಕೊಡು" ಶುರುವಾಗುತ್ತದೆ. ನಿಂಟೆಂಡೊ ಸ್ವಿಚ್ ಇದ್ದರೆ ಮಾರಿಯೋ ಕಾರ್ಟ್ 8 ಡಿಲಕ್ಸ್‌ನಲ್ಲಿ ಸ್ಮಾರ್ಟ್ ಸ್ಟೀರಿಂಗ್, ಆಟೋ ಆಕ್ಸಿಲರೇಟ್ ಎರಡೂ ಹಾಕಿ ಕೊಡಿ, ಐದು ವರ್ಷದ ಮಗುವೂ ರಸ್ತೆ ಬಿಡದೆ ಓಡಿಸುತ್ತದೆ. ಕಂಪ್ಯೂಟರಿನಲ್ಲಿ ಮನೆಮಂದಿ ಗೇಮು ಹಂಚಿಕೊಳ್ಳುವ ಸ್ಟೀಮ್ ಫ್ಯಾಮಿಲೀಸ್ ತೆರೆದು ಮಗುವಿಗೆ ಬೇರೆ ಚೈಲ್ಡ್ ಅಕೌಂಟ್ ಮಾಡಿ. ನಿಮ್ಮನ್ನೂ ಸೇರಿಸಿ ಆರು ಜನಕ್ಕೆ ಜಾಗ ಇದೆ, ಆಡುವ ಹೊತ್ತಿಗೂ ಮಿತಿ ಇಡಬಹುದು. ಬೇರೆ ಬೇರೆ ಗೇಮನ್ನು ಏಕಕಾಲಕ್ಕೆ ಆಡಬಹುದು, ಒಂದೇ ಪ್ರತಿಯನ್ನು ಇಬ್ಬರು ಆಡಲಾಗದು. ಮೊಬೈಲ್ ಕೊಡುವ ಮುಂಚೆ ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿ, ಉಳಿಸಿಟ್ಟ ಕಾರ್ಡ್ ತೆಗೆಯಿರಿ. ನಿಮ್ಮ ಯುಪಿಐ ಪಿನ್ ಮಗುವಿಗೆ ಬಾಯಿಪಾಠ ಆಗಿದ್ದರೆ ಅದನ್ನೂ ಬದಲಿಸಿ.