ತ್ರೀ ನಾಟ್ ತ್ರೀ ರೈಫಲ್‌ನ ಮ್ಯಾಗಝೀನ್ ತೊಂದರೆ, ನಾನು ಸರಿ ಮಾಡ್ಕೊಂಡಿದ್ದು ಹೀಗೆ

ನಮ್ಮೂರು ಕೊಡಗು, ಈಗ ಇರೋದು ಕೆನಡಾದ ಒಂಟಾರಿಯೊದಲ್ಲಿ, ಕೇಂಬ್ರಿಜ್ ಅನ್ನೋ ಊರು. ನವೆಂಬರ್ ಬಂತು ಅಂದ್ರೆ ಸ್ನೇಹಿತರ ಜೊತೆ ಉತ್ತರಕ್ಕೆ, ಪ್ಯಾರಿ ಸೌಂಡ್ ಕಡೆ ಜಿಂಕೆ ಶಿಕಾರಿಗೆ ಹೋಗ್ತೀನಿ, ಇಲ್ಲಿ ಲೈಸೆನ್ಸ್ ತಗೊಂಡು ಟ್ಯಾಗ್ (ಜಿಂಕೆ ಹೊಡೆಯೋಕೆ ಕೊಡೋ ಅನುಮತಿ ಚೀಟಿ) ತಗೊಂಡು ಮಾಡೋ ಕೆಲಸ ಇದು. ನನ್ನ ಹತ್ರ ಇರೋದು ಲೀ ಎನ್‌ಫೀಲ್ಡ್ ನಂ. 4, ನಮ್ಮ ಕಡೆ ಹಳೇ ಪೊಲೀಸರ ಹೆಗಲ ಮೇಲೆ ನೋಡಿರ್ತೀರಲ್ಲ ತ್ರೀ ನಾಟ್ ತ್ರೀ, ಅದೇ ವಂಶದ್ದು. ಟೊರೊಂಟೊ ಪಕ್ಕದ ಲಾಂಗ್ ಬ್ರಾಂಚ್ ಕಾರ್ಖಾನೆಲಿ 1943ರಲ್ಲಿ ಯುದ್ಧಕ್ಕೆ ಅಂತ ಆಗಿದ್ದು, ಆಮೇಲೆ ಯಾರೋ ಮುಂದಿನ ಮರ ಕುಯ್ದು ಹಗುರ ಮಾಡಿ ಶಿಕಾರಿ ಕೋವಿ ಮಾಡ್ಕೊಂಡಿದ್ದಾರೆ. ಕೆನಡಾದಲ್ಲಿ ಇಂಥವು ಹಳ್ಳಿಹಳ್ಳಿಗೂ ಇವೆ.

ಇನ್ನೊಂದು ವಿಷಯ ಹೇಳ್ಲೇಬೇಕು, ಈ ರೈಫಲ್‌ನ ಬಾಕ್ಸ್ ಮ್ಯಾಗಝೀನ್ (ಕೋವಿ ಕೆಳಗೆ ಕೂರೋ ತೋಟಾ ಡಬ್ಬಿ) ಕಂಡುಹಿಡಿದು 1879ರಲ್ಲಿ ಪೇಟೆಂಟ್ ತಗೊಂಡ ಜೇಮ್ಸ್ ಪ್ಯಾರಿಸ್ ಲೀ ಬೆಳೆದಿದ್ದು ಗಾಲ್ಟ್ ಅನ್ನೋ ಊರಲ್ಲಿ. 1973ರಲ್ಲಿ ಗಾಲ್ಟು, ಪ್ರೆಸ್ಟನ್ನು, ಹೆಸ್ಪೆಲರ್ ಎಲ್ಲ ಸೇರಿಸಿ ಮಾಡಿದ್ದೇ ನಾನಿರೋ ಕೇಂಬ್ರಿಜ್. ಅವನು ಓಡಾಡಿದ ಊರಲ್ಲೇ ಕೂತು ಅವನ ಮ್ಯಾಗಝೀನ್ ರಿಪೇರಿ ಮಾಡೋದು ಅಂದ್ರೆ ನಂಗೆ ನಿಜಕ್ಕೂ ಖುಷಿ.

ಸರಿ, ತೊಂದರೆಗೆ ಬರೋಣ. ರೈಫಲ್ ಜೊತೆ ಎರಡು ಮ್ಯಾಗಝೀನ್ ಬಂದಿತ್ತು. ಒಂದು ಹಳೇದು, ಹತ್ತು ತೋಟಾ ಹಿಡಿಯೋದು. ಇನ್ನೊಂದು ಐದು ತೋಟಾದ್ದು, ಇತ್ತೀಚೆಗೆ ಬೇರೆ ಯಾವುದೋ ಕಂಪನಿ ಮಾಡಿದ್ದು, ಮರದ ಮಟ್ಟಕ್ಕೆ ಕೂತ್ಕೊಳ್ಳುತ್ತೆ, ನೋಡೋಕೆ ಚಂದ, ಕೈಲಿ ಹಿಡ್ಕೊಂಡು ನಡೆಯೋಕೂ ಆರಾಮ. ಎರಡೂ ಸರಿಯಾಗಿ ಫೀಡ್ ಆಗ್ತಿರ್ಲಿಲ್ಲ, ಅಂದ್ರೆ ತೋಟಾ ಚೇಂಬರ್ ಒಳಗೆ (ನಳಿಗೆ ಹಿಂಬದಿಲಿ ತೋಟಾ ಕೂರೋ ಗೂಡು) ಸಲೀಸಾಗಿ ಹೋಗ್ತಿರ್ಲಿಲ್ಲ, ಆದ್ರೆ ಎರಡರದ್ದೂ ಕಾಯಿಲೆ ಬೇರೆ ಬೇರೆ. ಇದನ್ನ ಮೊದ್ಲೇ ಬೇರೆ ಮಾಡಿ ನೋಡ್ಬೇಕು, ಇಲ್ಲಾಂದ್ರೆ ಕೋವಿದೇ ತಪ್ಪು ಅಂತ ಚೇಂಬರ್ ಬಾಯಿಗೆ ಗ್ರೈಂಡರ್ ಹಿಡಿಯೋರಿದ್ದಾರೆ. ಆ ಕಬ್ಬಿಣ ಒಂದ್ಸಲ ಹೋದ್ರೆ ಹೋಯ್ತು, ವಾಪಸ್ ಬರಲ್ಲ. ಮ್ಯಾಗಝೀನ್ ಆದ್ರೆ ಇನ್ನೊಂದು ಸಿಗುತ್ತೆ, ಹಾಗಾಗಿ ಏನೇ ಮಾಡಿದ್ರೂ ಮ್ಯಾಗಝೀನ್‌ಗೆ ಮಾಡಿ, ಕೋವಿ ಮೈ ಮುಟ್ಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲನೇ ಕೆಲಸ ಡಮ್ಮಿ ತೋಟಾ. ಮನೆಲಿ ಜೀವ ಇರೋ ತೋಟಾ ಹಾಕಿ ಬೋಲ್ಟ್ (ತೋಟಾನ ಚೇಂಬರ್ ಒಳಗೆ ತಳ್ಳಿ ಮುಚ್ಚೋ ಉಕ್ಕಿನ ದಂಡ) ಆಡಿಸೋದು ಬೇಡವೇ ಬೇಡ, ಆ ಕೆಲಸ ಮಾಡೋ ಟೇಬಲ್ ಹತ್ರಾನೇ ತೋಟಾ ಇರ್ಬಾರ್ದು. ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕೂ ನೋಡಿ. ಅಂಗಡಿಲಿ ಸಿಗೋ ಪ್ಲಾಸ್ಟಿಕ್ ಸ್ನ್ಯಾಪ್ ಕ್ಯಾಪ್ (ನಕಲಿ ತೋಟಾ) ಈ ಪರೀಕ್ಷೆಗೆ ಅಷ್ಟು ಸರಿ ಬರಲ್ಲ, ತೂಕ ಕಮ್ಮಿ, ಮೂತಿ ಆಕಾರಾನೂ ಬೇರೆ. ನಾನು ತೋಟಾ ರೀಲೋಡ್ ಮಾಡೋನಾದ್ರಿಂದ (ಖಾಲಿ ಕೇಸ್ ಮತ್ತೆ ತುಂಬೋದು) ಖಾಲಿ ಹಿತ್ತಾಳೆ ಕೇಸ್‌ಗೆ ಮದ್ದು ಹಾಕದೆ, ಪ್ರೈಮರ್ (ಮದ್ದಿಗೆ ಕಿಡಿ ಕೊಡೋ ಸಣ್ಣ ಬಟ್ಟಲು) ಹಾಕದೆ, ನಾನು ಶಿಕಾರಿಗೆ ಬಳಸೋ ಅದೇ ಬುಲೆಟ್ ಕೂರಿಸ್ಕೊಂಡೆ, ಕೇಸ್ ಪಕ್ಕದಲ್ಲಿ ಒಂದು ತೂತು ಕೊರೆದೆ, ದೂರದಿಂದ ನೋಡಿದ್ರೂ ಡಮ್ಮಿ ಅಂತ ಗೊತ್ತಾಗ್ಬೇಕು. ಉದ್ದ ಅಸಲಿಯಷ್ಟೇ, .303ಕ್ಕೆ ಗರಿಷ್ಠ 78 ಮಿಲಿಮೀಟರ್ ಚಿಲ್ಲರೆ.

ಆಮೇಲೆ ಬುಲೆಟ್ ಮೂತಿಗೆಲ್ಲ ಕಪ್ಪು ಮಾರ್ಕರ್ ಬಳಿದೆ. ಬೋಲ್ಟ್ ನಿಧಾನಕ್ಕೆ ಮುಂದೆ ತಳ್ಳಿ, ಎಲ್ಲಿ ಸಿಕ್ಕಿಹಾಕ್ಕೊಳ್ತೋ ಅಲ್ಲೇ ನಿಲ್ಲಿಸಿ, ತೋಟಾ ಹೊರಗೆ ತೆಗೆದು ಮಸಿ ಎಲ್ಲಿ ಉಜ್ಜಿ ಹೋಗಿದೆ ನೋಡೋದು. ಇಷ್ಟು ಮಾಡಿದ್ರೆ ಅರ್ಧ ಉತ್ತರ ಸಿಕ್ಕಂಗೆ. ಮೂತಿ ಕೆಳಗೆ ಮುಗ್ಗರಿಸ್ತಿದ್ರೆ ಒಂದು ಕಥೆ, ಚೇಂಬರ್ ಮೇಲಂಚಿಗೆ ಗುದ್ದಿದ್ರೆ ಬೇರೆ ಕಥೆ, ಬೋಲ್ಟೇ ತೋಟಾ ಬಿಟ್ಟು ಮೇಲಿಂದ ಜಾರಿಕೊಂಡು ಹೋದ್ರೆ ಮೂರನೇದು.

ಹತ್ತರ ಹಳೇ ಮ್ಯಾಗಝೀನ್‌ನಲ್ಲಿ ಗಮನಿಸಿದ್ದು ಏನಂದ್ರೆ ಒಂದು ಬಿಟ್ಟು ಒಂದು ತೋಟಾ ಸಿಕ್ಕಿಹಾಕ್ಕೊಳ್ತಿತ್ತು. ಒಂದು ಸಲೀಸಾಗಿ ಹೋಗುತ್ತೆ, ಮುಂದಿನದು ಚೇಂಬರ್ ಮೇಲಂಚಿಗೆ ಗುದ್ದಿ ನಿಲ್ಲುತ್ತೆ, ಮತ್ತೆ ಒಂದು ಸಲೀಸು. ಇದರಲ್ಲಿ ತೋಟಾಗಳು ಎರಡು ಸಾಲಲ್ಲಿ ಎಡಕ್ಕೊಂದು ಬಲಕ್ಕೊಂದು ಕೂರ್ತಾವೆ, ಹಾಗಾಗಿ ಒಂದು ಬಿಟ್ಟು ಒಂದು ಅಂದ್ರೆ ಒಂದು ಕಡೆ ತುಟಿ (ತೋಟಾನ ಮೇಲಿಂದ ಒತ್ತಿ ಹಿಡಿಯೋ ಮ್ಯಾಗಝೀನಿನ ಬಾಗಿದ ಅಂಚು) ಮಾತ್ರ ಕೆಟ್ಟಿದೆ ಅಂತ. ಒಂದೇ ಒಂದು ಡಮ್ಮಿ ಹಾಕಿ ಎಡಕ್ಕೆ ಕೂರಿಸಿ ಮೂತಿ ಎತ್ತರ ಅಳೆದೆ, ಆಮೇಲೆ ಬಲಕ್ಕೆ. ಎಡಗಡೆದು ಕಣ್ಣಿಗೆ ಕಾಣೋಷ್ಟು ಮೇಲಿತ್ತು. ಎಡ ತುಟಿ ಅಗಲ ಆಗಿದೆ, ತೋಟಾನ ಸಾಕಷ್ಟು ಒತ್ತಿ ಹಿಡಿತಿಲ್ಲ, ಎಲ್ಲೋ ಕಲ್ಲ ಮೇಲೆ ಬಿದ್ದಿರ್ಬೇಕು ಪಾಪ, ಮೈಮೇಲೂ ಒಂದು ತಗ್ಗು ಇತ್ತು.

ಬಿಚ್ಚೋದು ಸುಲಭ. ಸ್ಪ್ರಿಂಗ್ ಮೇಲೆ ಕೂತು ತೋಟಾನ ಮೇಲಕ್ಕೆ ತಳ್ಳೋ ತಗಡಿಗೆ ಫಾಲೋವರ್ ಅಂತಾರೆ. ಒಳಗಿನ ಫಾಲೋವರ್‌ನ ಅಗಲ ಇರೋ ಹಿಂದಿನ ತುದಿನ ಒತ್ತಿದ್ರೆ ಮುಂದಿನ ಸಣ್ಣ ತುದಿ ಮೇಲೇಳುತ್ತೆ, ಅದನ್ನ ಮುಂದಿನ ತುಟಿಯಿಂದ ತಪ್ಪಿಸಿ ಎತ್ತಿದ್ರೆ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತೆ. ಒಳಗಡೆ ನೋಡಿದ್ರೆ ಜೇನುಮೇಣದ ಥರ ಗಟ್ಟಿಯಾದ ಹಳೇ ಗ್ರೀಸು. ಬೇಸಿಗೇಲಿ ರೇಂಜ್‌ನಲ್ಲಿ ಇದು ತೊಂದರೆ ಕೊಡಲ್ಲ, ಮೈನಸ್ ಹತ್ತರ ಬೆಳಿಗ್ಗೆ ಮಾತ್ರ ಸ್ಪ್ರಿಂಗ್‌ಗೆ ಫಾಲೋವರ್ ಎತ್ತೋಕಾಗಲ್ಲ, ಬೋಲ್ಟ್ ಬರೋ ಹೊತ್ತಿಗೆ ತೋಟಾ ಮೇಲೆ ಬಂದಿರೋದೇ ಇಲ್ಲ. ಪೂರ್ತಿ ತೊಳೆದು ಒರೆಸಿ ಒಣಗಿಸಿದೆ. ತಗ್ಗನ್ನ ಒಳಗಿಂದ ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಎಬ್ಬಿಸಿದೆ, ಸ್ಪ್ರಿಂಗ್ ಇಲ್ಲದೆ ಬರೀ ಫಾಲೋವರ್ ಹಾಕಿ ಮ್ಯಾಗಝೀನ್ ಓರೆ ಮಾಡಿದ್ರೆ ಅದು ತಡೆ ಇಲ್ಲದೆ ಜಾರಿ ಬೀಳ್ಬೇಕು, ಅಲ್ಲಿವರೆಗೂ.

ತುಟಿ ಸರಿ ಮಾಡೋದು ತಾಳ್ಮೆ ಕೆಲಸ. ಇಕ್ಕಳದ ಬಾಯಿಗೆ ತೊಗಲು ಸುತ್ತಿ, ಬಲಗಡೆ ತುಟಿ ಜೊತೆಗೆ ಬಗ್ಗದ ಹಾಗೆ ಒಳಗೆ ಮರದ ತುಂಡು ತುರುಕಿ, ಎಡ ತುಟಿನ ಹಿಂದಿನ ತುದಿ ಹತ್ರ ಒಂದ್ಚೂರು ಒತ್ತಿದೆ. ಸ್ಪ್ರಿಂಗ್ ಗುಣದ ಉಕ್ಕು ಅದು, ಒತ್ತಿದಷ್ಟೂ ಬಗ್ಗಲ್ಲ, ಮುಕ್ಕಾಲು ಪಾಲು ವಾಪಸ್ ಬರುತ್ತೆ, ಹಾಗಂತ ಸಿಟ್ಟಲ್ಲಿ ಜೋರಾಗಿ ಒತ್ತಿದ್ರೆ ಒಳಗೆ ಹೋಗ್ಬಿಡುತ್ತೆ, ಆಗ ತೋಟಾ ತುಂಬ ಕೆಳಗೆ ಕೂತು ಮೂತಿ ಮುಗ್ಗರಿಸೋಕೆ ಶುರು. ಒಂದು ಸಲ ಒತ್ತು, ಡಮ್ಮಿ ಹಾಕು, ಅಳೆ, ಮತ್ತೆ ಒತ್ತು. ಬೆಂಕಿ ತೋರಿಸ್ಲೇಬೇಡಿ, ಹದ ಹೋದ್ರೆ ಆ ತುಟಿ ಮತ್ತೆ ನಿಲ್ಲಲ್ಲ. ಎರಡೂ ಕಡೆ ಮೂತಿ ಒಂದೇ ಎತ್ತರಕ್ಕೆ ಬಂದ ಮೇಲೆ ಬೋಲ್ಟ್ ತಳ್ಳಿ ನೋಡಿದ್ರೆ ಮಸಿ ಉಜ್ಜಿದ ಗುರುತು ಮೇಲಂಚಲ್ಲಿ ಇಲ್ಲ, ಚೇಂಬರ್ ಬಾಯಿಗೆ ಹತ್ತೋ ಇಳಿಜಾರಲ್ಲಿ ತೆಳ್ಳಗೆ ಒಂದು ಗೆರೆ ಅಷ್ಟೇ.

ಐದರ ಮ್ಯಾಗಝೀನ್‌ದು ಬೇರೆ. ಬೋಲ್ಟ್ ತೋಟಾನ ಮುಟ್ಟದೆ ಮೇಲೆ ಜಾರಿ ಹೋಗಿ ಖಾಲಿ ಚೇಂಬರ್ ಮುಚ್ಚಿಬಿಡೋದು. ಜಿಂಕೆ ಮುಂದೆ ನಿಂತಿದ್ದಾಗ ಟ್ರಿಗರ್ ಒತ್ತಿದ್ರೆ ಬರೀ ಟಕ್. ಇದಕ್ಕೊಂದು ಸುಲಭ ಪರೀಕ್ಷೆ ಇದೆ, ಎಡಗೈ ಹೆಬ್ಬೆರಳಲ್ಲಿ ಮ್ಯಾಗಝೀನ್ ತಳವನ್ನ ಮೇಲಕ್ಕೆ ಒತ್ತಿ ಹಿಡ್ಕೊಂಡು ಬೋಲ್ಟ್ ಆಡಿಸೋದು. ಒತ್ತಿ ಹಿಡಿದಾಗ ಎಲ್ಲ ತೋಟಾನೂ ನೀರು ಕುಡಿದಂಗೆ ಹೋಯ್ತು, ಕೈ ಬಿಟ್ರೆ ಮತ್ತೆ ಅದೇ. ಅಂದ್ರೆ ಮ್ಯಾಗಝೀನ್ ಕೂತಿರೋದೇ ಕೆಳಗೆ.

ಮ್ಯಾಗಝೀನ್ ಬೆನ್ನಲ್ಲಿ ಒಂದು ಏಣು ಇರುತ್ತೆ, ಅದರಲ್ಲಿ ಕಚ್ಚು. ಟ್ರಿಗರ್ ಗಾರ್ಡ್ ಒಳಗಿನ ಕ್ಯಾಚು ಆ ಕಚ್ಚಿಗೆ ಸಿಕ್ಕಿ ಮ್ಯಾಗಝೀನ್ ನೇತಾಡುತ್ತೆ. ಕ್ಯಾಚ್ ಸವೆದಿದೆಯಾ, ಅದರ ಸ್ಪ್ರಿಂಗ್ ಸೋತಿದೆಯಾ ಅಂತಾನೂ ನೋಡಿದೆ, ಯಾಕಂದ್ರೆ ಈ ರೈಫಲ್‌ನಲ್ಲಿ ಕ್ಯಾಚ್‌ಗೂ ಸಿಯರ್‌ಗೂ (ಟ್ರಿಗರ್ ಒತ್ತೋವರೆಗೂ ಹೊಡೆಯೋ ಸೂಜಿನ ತಡೆದಿಡೋ ಕೊಂಡಿ) ಒಂದೇ ಸ್ಪ್ರಿಂಗು, ಅದು ಸೋತ್ರೆ ಫೀಡಿಂಗ್ ಮಾತ್ರ ಅಲ್ಲ, ಟ್ರಿಗರ್‌ನ ಸುರಕ್ಷತೆನೂ ಕೆಡುತ್ತೆ. ಅದು ಚೆನ್ನಾಗಿತ್ತು, ಹಳೇ ಮ್ಯಾಗಝೀನ್ ಅದೇ ಕ್ಯಾಚಲ್ಲಿ ಸರಿಯಾಗಿ ಕೂರ್ತಿತ್ತು. ಹೊಸದರ ಕಚ್ಚಿನ ಮೇಲಂಚನ್ನೇ ಜಾಸ್ತಿ ಮೇಲಕ್ಕೆ ಕೊರೆದಿದ್ರು. ವ್ಯತ್ಯಾಸ ಒಂದು ಮಿಲಿಮೀಟರೂ ಇರ್ಲಿಲ್ಲ, ಆದ್ರೆ .303ರ ರಿಮ್ (ತೋಟಾ ತಳದ ಸುತ್ತಂಚು) ದಪ್ಪ 1.6 ಮಿಲಿಮೀಟರ್, ಮೈಗಿಂತ ಅದು ಹೊರಗೆ ಚಾಚಿರೋದು ಸುತ್ತ ಒಂದೊಂದೇ ಮಿಲಿಮೀಟರ್, ಬೋಲ್ಟ್ ಮೂತಿಗೆ ತಳ್ಳೋಕೆ ಸಿಗೋ ಜಾಗ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇದಕ್ಕೆ ಫೈಲ್ ಉಜ್ಜಿದ್ರೆ ಇನ್ನೂ ಕೆಳಗೆ ಹೋಗುತ್ತೆ, ಲೋಹ ಸೇರಿಸ್ಬೇಕು. ಮ್ಯಾಗಝೀನ್ ಪೂರ್ತಿ ಬಿಚ್ಚಿ, ಮೆಷಿನ್ ಶಾಪಲ್ಲಿ ಕೆಲಸ ಮಾಡೋ ನಮ್ಮ ಪಂಜಾಬಿ ಸ್ನೇಹಿತನ ಹತ್ರ ಕಚ್ಚಿನ ಮೇಲಂಚಿಗೆ ಒಂದು ಸಣ್ಣ ಚುಕ್ಕೆ ವೆಲ್ಡಿಂಗ್ ಹಾಕಿಸಿದೆ, ತುಟಿಗೆ ಬಿಸಿ ತಾಗದ ಹಾಗೆ ಒದ್ದೆ ಬಟ್ಟೆ ಸುತ್ತಿ. ಮನೆಗೆ ತಂದು ಸಣ್ಣ ಫೈಲಲ್ಲಿ ನಾಲ್ಕು ಎಳೆ ಎಳೆಯೋದು, ಹಾಕಿ ನೋಡೋದು, ಮತ್ತೆ ನಾಲ್ಕು ಎಳೆ. ಕ್ಯಾಚ್ ಟಕ್ ಅಂತ ಬೀಳ್ಬೇಕು, ಬೋಲ್ಟ್ ಹಿಂದೆಮುಂದೆ ಆಡಿಸಿದ್ರೆ ತುಟಿಗೆ ಉಜ್ಜಬಾರ್ದು, ಈ ಎರಡರ ಮಧ್ಯೆ ಇರೋ ಜಾಗಾನೇ ನಮಗೆ ಬೇಕಾಗಿರೋದು. ಮ್ಯಾಗಝೀನ್ ಪಕ್ಕದಲ್ಲಿ ಮರ ಉಜ್ಜುತ್ತಾ ಅಂತಾನೂ ನೋಡ್ಕೊಳ್ಳಿ, ಮಳೆಗೆ ಮರ ಉಬ್ಬಿದ್ರೆ ಕ್ಯಾಚ್ ಬಿದ್ದ ಹಾಗೆ ಅನ್ಸಿದ್ರೂ ಪೂರ್ತಿ ಬಿದ್ದಿರಲ್ಲ.

ಇನ್ನು ರಿಮ್ ಲಾಕ್. ಈ ಕೋವಿ ಇಟ್ಟುಕೊಂಡೋರು ಇದೊಂದನ್ನ ಸರಿಯಾಗಿ ತಿಳ್ಕೊಂಡ್ರೆ ಸಾಕು ಅನ್ಸುತ್ತೆ ನಂಗೆ. ತೋಟಾದ ತಳದಲ್ಲಿ ರಿಮ್ ಹೊರಗೆ ಚಾಚಿರೋದ್ರಿಂದ ಮೇಲಿನ ತೋಟಾದ ರಿಮ್ಮು ಕೆಳಗಿನದರ ರಿಮ್ಮಿಗಿಂತ ಮುಂದೆ ಇರ್ಬೇಕು. ಹಿಂದೆ ಬಿದ್ರೆ ಮೇಲಿನದನ್ನ ತಳ್ಳಿದಾಗ ಅದು ಕೆಳಗಿನದನ್ನೂ ಎಳ್ಕೊಂಡು ಹೋಗುತ್ತೆ, ಎರಡೂ ಸಿಕ್ಕಿ ಬೋಲ್ಟ್ ಕಲ್ಲಾಗಿ ನಿಲ್ಲುತ್ತೆ, ಜೋರು ಮಾಡಿದಷ್ಟೂ ಬಿಗಿ. ನಾನು ಸ್ಕೋಪ್ (ಗುರಿ ದುರ್ಬೀನು) ಹಾಕಿರೋದ್ರಿಂದ ಐದೈದು ತೋಟಾ ಚಾರ್ಜರಲ್ಲಿ (ತೋಟಾಗಳನ್ನ ಒಟ್ಟಿಗೆ ಹಿಡಿಯೋ ಕ್ಲಿಪ್) ಮೇಲಿಂದ ಒತ್ತೋಕಾಗಲ್ಲ, ಒಂದೊಂದಾಗಿ ಕೈಲೇ ತುಂಬ್ಬೇಕು, ಪ್ರತಿ ತೋಟಾನೂ ಕೆಳಗಿನದರ ರಿಮ್ ಮುಂದೆ ಇಳಿತಾ ಅಂತ ಹೆಬ್ಬೆರಳಲ್ಲಿ ಮುಟ್ಟಿ ನೋಡ್ತೀನಿ. ಕತ್ತಲಲ್ಲೂ ಗೊತ್ತಾಗುತ್ತೆ, ಮೆಟ್ಟಿಲು ಬೆರಳಿಗೆ ಸಿಗುತ್ತೆ.

ಸರಿಯಾಗಿ ತುಂಬಿದ್ರೂ ಒಂದು ಗುಂಡು ಹೊಡೆದ ಮೇಲೆ ಲಾಕ್ ಆಗ್ತಿದ್ರೆ ಬುಲೆಟ್ ನೋಡಿ. 150 ಗ್ರೇನಿನ (ಗ್ರೇನ್ ಅಂದ್ರೆ ಬುಲೆಟ್ ತೂಕದ ಅಳತೆ) ಗಿಡ್ಡ ಬುಲೆಟ್ ತೋಟಾ ಒಟ್ಟು ಉದ್ದದಲ್ಲಿ ಕಮ್ಮಿ, ಮ್ಯಾಗಝೀನಲ್ಲಿ ಮುಂದೆ ಜಾಗ ಉಳಿಯುತ್ತೆ, ಗುಂಡು ಹಾರಿದ ಧಕ್ಕೆಗೆ ಒಳಗಿನವು ಹಿಂದೆಮುಂದೆ ಜಾರಿ ರಿಮ್ ಅದಲುಬದಲು ಆಗ್ಬಿಡುತ್ತೆ. ನಾನು 180 ಗ್ರೇನ್ ದುಂಡು ಮೂತಿಯ ರೌಂಡ್ ನೋಸ್‌ಗೆ ಬದಲಾಯಿಸಿದೆ, ಮೊದಲಿಂದಾನೂ ಈ ರೈಫಲ್ ತಯಾರಾಗಿದ್ದೇ 174 ಗ್ರೇನಿನ ಉದ್ದ ಬುಲೆಟ್‌ಗೆ. ಕಾಡಲ್ಲಿ ನೂರು ಗಜದೊಳಗೆ ಹೊಡೆಯೋರಿಗೆ ಭಾರದ ಬುಲೆಟ್ಟಿಂದ ಏನೂ ನಷ್ಟ ಇಲ್ಲ.

ಬೋಲ್ಟ್ ಆಡಿಸೋ ರೀತಿನೂ ಸೇರಿಸ್ತೀನಿ. ಜಿಂಕೆಗೆ ಸದ್ದು ಕೇಳಿಸ್ಬಾರ್ದು ಅಂತ ಮರದ ಮೇಲಿನ ಅಟ್ಟಣಿಗೆಲಿ ಕೂತು ಬೋಲ್ಟನ್ನ ಹೂವಿನ ಹಾಗೆ ಎಳೆಯೋರಿದ್ದಾರೆ, ಅರ್ಧ ಎಳೆದು ವಾಪಸ್ ತಳ್ಳಿದ್ರೆ ಯಾವ ಮ್ಯಾಗಝೀನೂ ತೋಟಾ ಕೊಡಲ್ಲ. ಕೊನೇವರೆಗೂ ಎಳೀಬೇಕು, ಹಿಂದೆ ತಡೆಗೆ ಬಡಿಯೋ ತನಕ, ಆಮೇಲೆ ಒಂದೇ ದಮ್ಮಲ್ಲಿ ಮುಂದೆ.

ಊರಲ್ಲಿರೋರು ಓದ್ತಿದ್ರೆ ಒಂದು ಮಾತು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರೋದು ಜೋಡು ನಳಿಗೆ 12 ಬೋರ್, ಅದಕ್ಕೆ ಮ್ಯಾಗಝೀನೇ ಇಲ್ಲ. ಆದ್ರೆ .315 ಸ್ಪೋರ್ಟಿಂಗ್ ರೈಫಲ್ ಇಟ್ಟುಕೊಂಡೋರೂ ಇದ್ದಾರೆ, ಅದು ಇದೇ ಲೀ ಎನ್‌ಫೀಲ್ಡ್ ಆಕ್ಷನ್ನು, ತೋಟಾಗೂ ರಿಮ್ ಇದೆ, ಹಾಗಾಗಿ ತುಂಬೋ ಕ್ರಮ, ತೊಳೆಯೋದು, ಬೋಲ್ಟ್ ಪೂರ್ತಿ ಎಳೆಯೋದು ಎಲ್ಲ ಅದಕ್ಕೂ ಅನ್ವಯ. ವೆಲ್ಡಿಂಗ್, ತುಟಿ ಬಗ್ಗಿಸೋದು ಇಂಥದ್ದೆಲ್ಲ ಲೈಸೆನ್ಸ್ ಇರೋ ಕೋವಿ ರಿಪೇರಿಯವರ ಹತ್ರಾನೇ ಮಾಡಿಸಿ, ಅಲ್ಲಿನ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿಗೆ ಲೈಸೆನ್ಸ್ ಬೇಕು. ಶಿಕಾರಿ ಅಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಮುಗಿದ ಅಧ್ಯಾಯ.

ಕೊನೇ ಪರೀಕ್ಷೆ ಚಳಿದು. ಎರಡೂ ಮ್ಯಾಗಝೀನ್‌ಗೆ ಡಮ್ಮಿ ತುಂಬಿ ರಾತ್ರಿಯಿಡೀ ಫ್ರೀಜರಲ್ಲಿಟ್ಟು ಬೆಳಿಗ್ಗೆ ತೆಗೆದ ಕೂಡ್ಲೇ ಆಡಿಸಿ ನೋಡಿದೆ, ಒಳಗೆ ಎಣ್ಣೆ ಹೆಚ್ಚಾಗಿದ್ರೆ ಇಲ್ಲೇ ಗೊತ್ತಾಗ್ಬಿಡುತ್ತೆ. ಎಣ್ಣೆ ಅಂದ್ರೆ ಬಟ್ಟೆಗೆ ಒಂದು ಹನಿ ಹಾಕಿ ಒರೆಸಿದಷ್ಟು, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ರೇಂಜ್‌ಗೆ ಹೋಗಿ ಅಸಲಿ ತೋಟಾ, ಮೊದ್ಲು ಎರಡು, ಆಮೇಲೆ ಪೂರ್ತಿ ತುಂಬಿ. ಈಗ ಐದರದ್ದು ಕೋವಿಲೇ ಇರುತ್ತೆ, ಹತ್ತರದ್ದು ಚೀಲದಲ್ಲಿ. ಇಲ್ಲಿ ಮ್ಯಾಗಝೀನಲ್ಲಿ ತೋಟಾ ಇದ್ದು ಅದು ಕೋವಿಗೆ ಹಾಕಿದ್ರೇ ಲೋಡೆಡ್ ಅಂತ ಲೆಕ್ಕ, ಹಾಗಾಗಿ ಗಾಡಿ ಹತ್ತೋ ಮೊದ್ಲು ಖಾಲಿ ಮಾಡ್ತೀನಿ, ಇಳಿದ ಮೇಲೆ ಮತ್ತೆ ಒಂದೊಂದೇ ರಿಮ್ ಮುಟ್ಟಿ ನೋಡ್ಕೊಂಡು ತುಂಬ್ತೀನಿ.