ಗಬಗಬ ನುಂಗುವ ನಾಯಿಗೆ ಇಡ್ಲಿ ತಟ್ಟೆಯ ಊಟ

ನಮ್ಮ ಕೆಂಚ ಮನೆಗೆ ಬಂದ ಮೊದಲ ವಾರ ಅವನು ಊಟ ಮಾಡುವುದನ್ನು ನೋಡಲು ನನಗೆ ಭಯವಾಗುತ್ತಿತ್ತು. ತಟ್ಟೆ ನೆಲ ಮುಟ್ಟುವ ಮುಂಚೆಯೇ ಮೂತಿ ಅದರೊಳಗೆ. ಅಗಿಯುವ ಸದ್ದೇ ಇಲ್ಲ. ಗುಳುಂ ಗುಳುಂ ಎಂದು ನುಂಗುವ ಸದ್ದು, ಸ್ಟೀಲ್ ತಟ್ಟೆ ಕೆಂಪು ನೆಲದ ಮೇಲೆ ಕರಕರ ಜಾರುವ ಸದ್ದು, ಅಷ್ಟೇ. ಜಾರುತ್ತಾ ಜಾರುತ್ತಾ ತಟ್ಟೆ ಜಗಲಿಯ ಮೂಲೆಗೆ ತಾಗುವಷ್ಟರಲ್ಲಿ ಊಟ ಮುಗಿದಿರುತ್ತಿತ್ತು. ಒಂದು ದಿನ ಗಡಿಯಾರ ನೋಡಿದೆ. ಅನ್ನ, ಬೇಯಿಸಿದ ಕೋಳಿ, ಕ್ಯಾರೆಟ್ ಎಲ್ಲ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ. ಇನ್ನೈದು ನಿಮಿಷಕ್ಕೆ ಎಲ್ಲವನ್ನೂ ಕಕ್ಕಿದ. ಅನ್ನ ಅಗುಳು ಅಗುಳಾಗಿಯೇ ಇತ್ತು. ಕ್ಯಾರೆಟ್ ಹೋಳು ನಾನು ಹೆಚ್ಚಿದ ಹಾಗೇ ಇತ್ತು. ಒರೆಸೋ ಬಟ್ಟೆ ತರುವುದರೊಳಗೆ ಅದನ್ನೂ ಮತ್ತೆ ತಿಂದುಬಿಟ್ಟ.

ಮನೆಯಲ್ಲಿ ಎಲ್ಲರೂ ಅವನನ್ನು ಹೊಟ್ಟೆಬಾಕ ಅಂದರು. ನನಗೆ ಆ ಮಾತು ಹಿಡಿಸಲಿಲ್ಲ. ಕೆಂಚ ಹುಟ್ಟಿದ್ದು ಹಾಲಿನ ಬೂತಿನ ಹಿಂದೆ, ಏಳು ಮರಿಗಳಲ್ಲಿ ಒಬ್ಬನಾಗಿ. ಯಾರೋ ಒಂದು ಕಾಗದದ ಮೇಲೆ ಅನ್ನ ಹಾಕಿ ಹೋಗುತ್ತಿದ್ದರು. ಏಳು ಮೂತಿಗೆ ಒಂದು ಕಾಗದ. ನಿಧಾನ ಮಾಡಿದ ಮರಿಗೆ ಅವತ್ತು ಉಪವಾಸ. ಅಂಥಲ್ಲಿ ಬೆಳೆದವನಿಗೆ ಬೇಗ ನುಂಗುವುದು ದುರಾಸೆಯಲ್ಲ, ಬದುಕುವ ದಾರಿ. ಕಳೆದ 40 ವರ್ಷದಲ್ಲಿ ನಮ್ಮ ಮನೆಯಲ್ಲಿ ಬೀದಿನಾಯಿ, ಸಾಕಿದ ಜಾತಿನಾಯಿ ಎಲ್ಲವೂ ಇದ್ದವು. ಗಬಗಬ ತಿನ್ನುತ್ತಿದ್ದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಒಂದೇ ಹೆದರಿಕೆ: ಈ ಊಟವನ್ನು ಯಾರಾದರೂ ಕಿತ್ತುಕೊಂಡಾರು. ಅದಕ್ಕೇ ಬೈದರೆ, ಹೊಡೆದರೆ, ತಟ್ಟೆ ಕಸಿದರೆ ಅವು ಇನ್ನೂ ಬೇಗ ತಿನ್ನುತ್ತವೆ.

ಒಂದು ವಿಷಯ ಮೊದಲೇ ತಿಳಿದಿರಲಿ. ನಾಯಿಗೆ ನಮ್ಮ ಹಾಗೆ ಅಗಿದು ತಿನ್ನಲು ಆಗುವುದಿಲ್ಲ. ಬೆಳೆದ ನಾಯಿಗೆ 42 ಹಲ್ಲು ಇರುತ್ತವೆ, ನಮಗಿಂತ 10 ಜಾಸ್ತಿ. ಆದರೆ ಅವು ಹೆಚ್ಚಾಗಿ ಕಚ್ಚಿ ಹರಿಯುವುದಕ್ಕೆ, ಕತ್ತರಿಸುವುದಕ್ಕೆ. ದವಡೆ ಮೇಲೆ ಕೆಳಗೆ ಆಡುತ್ತದೆ, ಹಸುವಿನ ದವಡೆಯಂತೆ ಅಕ್ಕಪಕ್ಕ ಅರೆಯುವುದಿಲ್ಲ. ನಾವು ಅನ್ನವನ್ನು ತುಂಬಾ ಹೊತ್ತು ಅಗಿದರೆ ಬಾಯಲ್ಲೇ ಸಿಹಿಯಾಗುತ್ತದಲ್ವಾ? ನಮ್ಮ ಎಂಜಲು ಮಾಡುವ ಆ ಕೆಲಸವನ್ನು ನಾಯಿಯ ಎಂಜಲು ಮಾಡುವುದಿಲ್ಲ. ಅದಕ್ಕೆ ಜೀರ್ಣವೆಲ್ಲ ಹೊಟ್ಟೆಗೆ ಹೋದ ಮೇಲೆಯೇ. ಹಾಗಾಗಿ ನಾಯಿಗೆ ಅಗಿಯುವುದನ್ನು ಕಲಿಸಲು ಹೋಗಬೇಡಿ. ಒಂದು ಸಲಕ್ಕೆ ಬಾಯಿಗೆ ಸಿಗುವ ತುತ್ತು ಚಿಕ್ಕದಾಗಬೇಕು, ತುತ್ತಿನ ಜೊತೆ ನುಂಗುವ ಗಾಳಿ ಕಡಿಮೆಯಾಗಬೇಕು. ನಮ್ಮ ಕೈಲಾಗುವುದು ಇಷ್ಟೇ, ಇಷ್ಟು ಸಾಕು ಕೂಡ.

ಆ ಗಾಳಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೇಗು, ಹೊಟ್ಟೆ ಗುಡುಗುಡು, ವಾಂತಿ ಇವೆಲ್ಲ ಸಣ್ಣ ತೊಂದರೆಗಳು. ದೊಡ್ಡ ಮೈಯ, ಆಳವಾದ ಎದೆಯ ನಾಯಿಗಳಿಗೆ ಇನ್ನೊಂದು ಅಪಾಯ ಇದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್ ಇಂಥವು. ನಮ್ಮ ಮುಧೋಳದ ನಾಯಿಯದೂ ಆಳವಾದ ಎದೆಯೇ. ಹೊಟ್ಟೆಯಲ್ಲಿ ಗಾಳಿ ತುಂಬಿ ಬಲೂನಿನ ಹಾಗೆ ಉಬ್ಬುತ್ತದೆ, ಆಮೇಲೆ ಜಠರ ಇದ್ದಲ್ಲೇ ತಿರುಚಿಕೊಳ್ಳುತ್ತದೆ. ಗಾಳಿ ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ರಕ್ತದ ಓಡಾಟಕ್ಕೇ ತಡೆ ಬೀಳುತ್ತದೆ. ನಾಯಿ ವಾಂತಿ ಮಾಡಲು ಒದ್ದಾಡುತ್ತದೆ, ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ. ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಪಕ್ಕೆಲುಬಿನ ಹಿಂದೆ ತಟ್ಟಿದರೆ ಡೋಲಿನ ಹಾಗೆ ಸದ್ದು. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗಾದಾಗ, ಅಜೀರ್ಣ ಎಂದುಕೊಂಡು ಓಂಕಾಳಿನ ನೀರು ಕುಡಿಸಿ ಬೆಳಗಾಗಲಿ ಎಂದು ಕಾದರು. ಬೆಳಗಿನ ಹೊತ್ತಿಗೆ ನಾಯಿ ಇರಲಿಲ್ಲ. ಆ ಗೇಟಿನ ಮುಂದೆ ಹೋಗುವಾಗ ಇವತ್ತಿಗೂ ನನ್ನ ಕಣ್ಣು ಅದರ ಜಾಗಕ್ಕೇ ಹೋಗುತ್ತದೆ. ಇಂಥ ಲಕ್ಷಣ ಕಂಡರೆ ಸೋಡಾ ಬೇಡ, ಜೀರಿಗೆ ಬೇಡ, ಮನೆಮದ್ದು ಯಾವುದೂ ಬೇಡ. ಅದು ಆಪರೇಷನ್ ಬೇಕಾಗುವ ಕಾಯಿಲೆ. ನಡುರಾತ್ರಿಯಾದರೂ ಪಶುವೈದ್ಯರ ಹತ್ತಿರ ಓಡಬೇಕು. ನಿಮ್ಮೂರಲ್ಲಿ ರಾತ್ರಿ ಯಾವ ಪಶು ಆಸ್ಪತ್ರೆ ತೆರೆದಿರುತ್ತದೆ ಎಂದು ಇವತ್ತೇ ಕೇಳಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಈಗ ಇಡ್ಲಿ ತಟ್ಟೆಗೆ ಬರೋಣ. ಅಂಗಡಿಯಲ್ಲಿ ನಾಯಿ ನಿಧಾನವಾಗಿ ತಿನ್ನಲೆಂದೇ ಮಾಡಿದ ಬಟ್ಟಲುಗಳು ಸಿಗುತ್ತವೆ, ಒಳಗೆ ಏರುತಗ್ಗಿನ ಸುರುಳಿಗಳಿರುತ್ತವೆ. ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ದುಡ್ಡು ಕೊಡುವ ಮುಂಚೆ ಅಟ್ಟದ ಮೇಲೆ ನೋಡಿ. ಕುಕ್ಕರಿಗೆ ಹಳೆಯ ಇಡ್ಲಿ ಸ್ಟ್ಯಾಂಡ್ ಹಿಡಿಸದೆ ಮೂಲೆಗೆ ಸೇರಿರುತ್ತದೆ. ಅದರ ತಟ್ಟೆಗಳನ್ನು ಬಿಡಿಸಿ. ತೂತಿನ ಅಂಚು ಒರಟಾಗಿದೆಯಾ ಎಂದು ಬೆರಳಾಡಿಸಿ ನೋಡಿ. ಬೆರಳಿಗೆ ತರಚುವ ಅಂಚು ನಾಲಿಗೆಯನ್ನೂ ತರಚುತ್ತದೆ, ಅಂಥದ್ದು ಬೇಡ. ನುಣುಪಾಗಿದ್ದರೆ ಅನ್ನವನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ ಒಂದೊಂದು ಗುಳಿಗೂ ಹೆಬ್ಬೆರಳಿನಲ್ಲಿ ಒತ್ತಿ. ತೀರಾ ತೆಳ್ಳಗಿದ್ದರೆ ತೂತಿನಿಂದ ಇಳಿದು ನೆಲ ರಾಡಿಯಾಗುತ್ತದೆ. ತಟ್ಟೆಯ ಕೆಳಗೆ ಒದ್ದೆ ಗೋಣಿಚೀಲ ಹಾಸಿ. ಇಲ್ಲದಿದ್ದರೆ ಅದು ನೆಲದ ಮೇಲೆ ಓಡಾಡುತ್ತದೆ, ನಾಯಿ ಸಿಟ್ಟಿನಿಂದ ಇನ್ನೂ ಅವಸರ ಮಾಡುತ್ತದೆ.

ಮೊದಲ ದಿನ ಕೆಂಚ ಇಡ್ಲಿ ತಟ್ಟೆಯನ್ನು ನೋಡಿ ನನ್ನ ಮುಖ ನೋಡಿದ. ಮೂತಿ ಹಾಕಿದ. ಬಾಯ್ತುಂಬ ಸಿಗಲಿಲ್ಲ. ಆಮೇಲೆ ನಾಲಿಗೆ ಹೊರಗೆ ಬಂತು. ಒಂದು ಗುಳಿ ನೆಕ್ಕಿ, ಮೇಲೆ ನೋಡಿ, ಮುಂದಿನ ಗುಳಿಗೆ ಹೋದ. ಅಲ್ಲಿಯವರೆಗೆ ಅವನು ಊಟದ ನಡುವೆ ತಲೆ ಎತ್ತಿದ್ದನ್ನೇ ನಾನು ನೋಡಿರಲಿಲ್ಲ. ಅರ್ಧ ನಿಮಿಷದ ಊಟಕ್ಕೆ ಎಂಟು ನಿಮಿಷ ಹಿಡಿಯಿತು. ಕಕ್ಕಲಿಲ್ಲ. ಪಡ್ಡಿನ ಕಾವಲಿಯೂ ಆಗುತ್ತದೆ, ಆದರೆ ಕಬ್ಬಿಣದ್ದಾದರೆ ತುಕ್ಕು ಹಿಡಿಯುತ್ತದೆ, ನಾನ್‌ಸ್ಟಿಕ್ ಆದರೆ ಹಲ್ಲು ತಾಗಿ ಲೇಪ ಏಳುತ್ತದೆ. ನಾನು ಅದನ್ನು ಬಿಟ್ಟೆ.

ಇಡ್ಲಿ ತಟ್ಟೆ ಇಲ್ಲದಿದ್ದರೆ ಅಗಲವಾದ ಊಟದ ತಟ್ಟೆಯ ನಡುವೆ ಭಾರದ ಸ್ಟೀಲ್ ಬಟ್ಟಲೊಂದನ್ನು ಬೋರಲು ಹಾಕಿ, ಸುತ್ತ ಅನ್ನ ಹರಡಿ. ನಾಯಿ ಸುತ್ತು ಹೊಡೆದುಕೊಂಡು ತಿನ್ನಬೇಕಾಗುತ್ತದೆ. ತಟ್ಟೆಯಲ್ಲಿ ಕಲ್ಲು ಇಡಿ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಚಿಕ್ಕದಾದರೆ ನುಂಗುತ್ತವೆ, ದೊಡ್ಡದಾದರೆ ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ. ತೆಂಗಿನ ಕರಟವೂ ಬೇಡ, ತಿಂದಾದ ಮೇಲೆ ಕರಟವನ್ನೇ ಕಡಿದು ಚೂರು ನುಂಗುವ ನಾಯಿಗಳಿವೆ. ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯವಕ್ಕೆ ಆಳದ ಗುಳಿ ಎಟುಕುವುದಿಲ್ಲ. ಅವಕ್ಕೆ ಚಪ್ಪಟೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಕೊಡಿ.

ಒಣ ಆಹಾರ ಹಾಕುವವರಿಗೆ ಕೆಲಸ ಇನ್ನೂ ಸುಲಭ. ಹಳೆಯ ದಪ್ಪ ಟವೆಲ್ ಹಾಸಿ, ಕಾಳು ಚೆಲ್ಲಿ, ಚಾಪೆ ಸುತ್ತುವ ಹಾಗೆ ಸುತ್ತಿಡಿ. ನಾಯಿ ಮೂಗಿನಲ್ಲಿ ತಳ್ಳಿ ತಳ್ಳಿ ಬಿಡಿಸಿಕೊಂಡು ತಿನ್ನುತ್ತದೆ. ಬಟ್ಟೆ ಹರಿದು ನುಂಗುವ ಚಾಳಿ ಇದ್ದರೆ ಮಾತ್ರ ಇದು ಬೇಡ. ಅಂಥವಕ್ಕೆ ತಾರಸಿಯಲ್ಲಿ ಗುಡಿಸಿದ ಜಾಗದಲ್ಲಿ ಚೆಲ್ಲಿದರಾಯಿತು. ಹುಲ್ಲಿನ ಮೇಲೆ ಚೆಲ್ಲಿದರೆ ಹುಡುಕಾಟ ಚೆನ್ನಾಗಿರುತ್ತದೆ, ಆದರೆ ಇರುವೆ ಇರುತ್ತದೆ, ಗಿಡಕ್ಕೆ ಔಷಧಿ ಹೊಡೆದಿರಬಹುದು, ನೋಡಿಕೊಳ್ಳಿ.

ನಮ್ಮ ಕಡೆ ಎಷ್ಟೋ ಮನೆಯಲ್ಲಿ ನಾಯಿಗೆ ರಾಗಿಮುದ್ದೆಯೇ ಊಟ. ಉಂಡೆ ಮುರಿದು ತಟ್ಟೆಗೆ ಎಸೆಯುತ್ತಾರೆ, ನಾಯಿ ಗುಳುಂ ಎನ್ನಿಸುತ್ತದೆ. ನಾವೇ ಮುದ್ದೆಯನ್ನು ನುಂಗುವವರು, ನಾಯಿ ಬಿಟ್ಟೀತೇ! ದೊಡ್ಡ ತುಂಡು ಗಂಟಲಲ್ಲಿ ಸಿಕ್ಕಿಕೊಂಡರೆ ಕಷ್ಟ. ಹೀಗೆ ಮಾಡಿ. ಮುದ್ದೆ ಆರಿದ ಮೇಲೆ ಸ್ವಲ್ಪ ಮಜ್ಜಿಗೆಯಲ್ಲಿ ಮಿದ್ದು, ಸೆಗಣಿಯಲ್ಲಿ ನೆಲ ಸಾರಿಸಿದ ಹಾಗೆ ತಟ್ಟೆಗೆ ತೆಳುವಾಗಿ ಬಳಿಯಿರಿ. ಅಂಟಿಕೊಂಡ ಮುದ್ದೆಯನ್ನು ನುಂಗಲು ಆಗುವುದಿಲ್ಲ, ನೆಕ್ಕಲೇಬೇಕು. ಬೇಯಿಸಿದ ಸಿಹಿಗುಂಬಳವನ್ನೂ ಹೀಗೇ ಬಳಿಯಬಹುದು. ಮುದ್ದೆಗೆ ನಾವು ಉಣ್ಣುವ ಸಾರು ಮಾತ್ರ ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಬೇಯಿಸಿದ ಕೋಳಿಮೂಳೆಯೂ ಬೇಡ. ಅವಸರದಲ್ಲಿ ನುಂಗುವ ನಾಯಿಗೆ ಅದರ ಚೂಪು ಚೂರು ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ಹೊತ್ತುಹೊತ್ತಿಗೆ ಹಾಕುವುದು ತಟ್ಟೆಯಷ್ಟೇ ಮುಖ್ಯ. ದಿನಕ್ಕೊಮ್ಮೆ ರಾಶಿ ಹಾಕಿದರೆ 24 ಗಂಟೆಯ ಹಸಿವು ಒಟ್ಟಿಗೆ ತಟ್ಟೆಗೆ ಬೀಳುತ್ತದೆ. ಅಷ್ಟೇ ಅನ್ನವನ್ನು ಎರಡು ಹೊತ್ತಿಗೆ ಹಂಚಿ, ತೀರಾ ಅವಸರದವಕ್ಕೆ ಮೂರು. ಮೂರು ತಿಂಗಳೊಳಗಿನ ಮರಿಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ. ನೀರು ಯಾವಾಗಲೂ ಇರಲಿ, ಆಗ ಊಟವಾದ ತಕ್ಷಣ ಗಟಗಟ ಕುಡಿಯುವುದಿಲ್ಲ. ಉಂಡ ಮೇಲೆ ಒಂದು ಗಂಟೆ ಓಡಾಟ, ಚೆಂಡಾಟ ಬೇಡ. ತಟ್ಟೆಯನ್ನು ಎತ್ತರದ ಸ್ಟ್ಯಾಂಡಿನಲ್ಲಿ ಇಟ್ಟರೆ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. 2000ದಲ್ಲಿ ಪ್ರಕಟವಾದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ದೊಡ್ಡ ಜಾತಿಯ ನಾಯಿಗಳ ಪೈಕಿ ಬೇಗ ತಿನ್ನುವವಕ್ಕೂ, ಎತ್ತರದ ಬಟ್ಟಲಿನಲ್ಲಿ ತಿನ್ನುವವಕ್ಕೂ ಹೊಟ್ಟೆ ಉಬ್ಬುವ ಕಾಯಿಲೆ ಜಾಸ್ತಿ ಕಂಡಿತ್ತು. ಕತ್ತು, ಬೆನ್ನಿನ ತೊಂದರೆಗೆ ಡಾಕ್ಟರೇ ಹೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ತಟ್ಟೆ ನೆಲದ ಮೇಲೇ ಇರಲಿ.

ಎರಡು ನಾಯಿ ಇರುವ ಮನೆಯಲ್ಲಿ ಒಂದರ ಎದುರು ಒಂದಕ್ಕೆ ಊಟ ಹಾಕಲೇಬೇಡಿ. ಒಂದು ಜಗಲಿಯಲ್ಲಿ, ಇನ್ನೊಂದು ಹಿತ್ತಲಲ್ಲಿ. ನಡುವೆ ಬಾಗಿಲು ಮುಚ್ಚಿರಲಿ. ಎಷ್ಟೋ ಕಡೆ ಇದೊಂದೇ ಸಾಕಾಗಿದೆ. ತಿನ್ನುವಾಗ ಹತ್ತಿರ ಹೋದರೆ ಗುರ್ ಅನ್ನುವ ನಾಯಿಯಾದರೆ, ಬುದ್ಧಿ ಕಲಿಸುತ್ತೇನೆ ಎಂದು ತಟ್ಟೆಗೆ ಕೈ ಹಾಕಬೇಡಿ. ನಾನು ದೂರದಿಂದ ಹಾದುಹೋಗುತ್ತಾ ಒಂದು ಕೋಳಿ ಚೂರು ಅದರ ಕಡೆ ಎಸೆದು ಹಾಗೇ ಮುಂದೆ ಹೋಗುತ್ತಿದ್ದೆ. ದಿನಾ ಹೀಗೆ. ಯಾರಾದರೂ ಬಂದರೆ ಊಟ ಹೋಗುವುದಿಲ್ಲ, ಇನ್ನಷ್ಟು ಬರುತ್ತದೆ ಎಂದು ಅದಕ್ಕೆ ಗೊತ್ತಾಗಬೇಕು. ಕೆಂಚನಿಗೆ ಇದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಮಕ್ಕಳಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಿಡಿ, ನಾಯಿ ಉಣ್ಣುವಾಗ ಹತ್ತಿರ ಸುಳಿಯಬಾರದು. ಈಗ ನನ್ನ ಮೊಮ್ಮಗಳೇ ಬೇರೆಯವರಿಗೆ ಹೇಳುತ್ತಾಳೆ, 'ಕೆಂಚ ಊಟ ಮಾಡ್ತಿದ್ದಾನೆ, ಆಮೇಲೆ ಬನ್ನಿ' ಅಂತ.

ಇಷ್ಟೆಲ್ಲ ಮಾಡಿಯೂ ಹಸಿವು ತಣಿಯದಿದ್ದರೆ ಜಂತುಹುಳು ಇದೆಯಾ ನೋಡಿಸಿ, ಬೀದಿಯಿಂದ ತಂದ ಮರಿಗಳಲ್ಲಿ ಇದು ತುಂಬಾ ಸಾಮಾನ್ಯ. ತೂಕ ನೋಡಿ ಎಷ್ಟು ಮಾತ್ರೆ ಎಂದು ಡಾಕ್ಟರೇ ಹೇಳಲಿ. ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೂ ಹಸಿವು ಏರುತ್ತದೆ. ಮತ್ತೆ, ಇಷ್ಟು ವರ್ಷ ನೆಮ್ಮದಿಯಾಗಿ ಉಣ್ಣುತ್ತಿದ್ದ ವಯಸ್ಸಾದ ನಾಯಿ ಇದ್ದಕ್ಕಿದ್ದ ಹಾಗೆ ಗಬಗಬ ತಿನ್ನತೊಡಗಿ, ಜೊತೆಗೆ ನೀರೂ ಜಾಸ್ತಿ ಕುಡಿಯುತ್ತಿದ್ದರೆ ತಟ್ಟೆ ಬದಲಿಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ನಾಯಿಗೂ ಬರುತ್ತದೆ, ಅದೇ ವಾರ ರಕ್ತ ಪರೀಕ್ಷೆ ಮಾಡಿಸಿ.