ಅಚ್ಚಿಗೆ ಗ್ಯಾಸಿನ ಮಸಿ ಹಿಡಿಸುವ ಬಗೆ

ಪೀಣ್ಯದ ನಮ್ಮ ಶೆಡ್‌ನಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯುತ್ತೇವೆ. ಕಬ್ಬಿಣದ ಅಚ್ಚಿನಿಂದ ಪೀಸ್ ಸಲೀಸಾಗಿ ಬಿಡಬೇಕಾದರೆ ಒಳಮೈಗೆ ತೆಳ್ಳಗೆ ಮಸಿ ಹಿಡಿದಿರಬೇಕು. ನಾನು ಅದಕ್ಕೆ ವೆಲ್ಡಿಂಗ್‌ನವರು ಬಳಸುವ ಅಸಿಟಿಲೀನ್ ಗ್ಯಾಸಿನ ಟಾರ್ಚನ್ನೇ ನಂಬಿದ್ದೇನೆ. 26 ಗ್ರಾಂ ಅಸಿಟಿಲೀನ್‌ನಲ್ಲಿ 24 ಗ್ರಾಂ ಬರೀ ಇಂಗಾಲ. ಇಷ್ಟು ನಯವಾದ ಮಸಿ ಇನ್ನೆಲ್ಲಿ ಸಿಗುತ್ತದೆ?

ಮೊದಲು ಸಿಲಿಂಡರ್. ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿ. ಒಳಗೆ ಗ್ಯಾಸ್ ಅಸಿಟೋನ್‌ನಲ್ಲಿ ಕರಗಿರುತ್ತದೆ, ಮಲಗಿಸಿದರೆ ಅಸಿಟೋನೇ ಹೊರಗೆ ಬರುತ್ತದೆ. ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇಲ್ಲದೆ ಹಚ್ಚಬೇಡಿ. ತಾಮ್ರದ ಪೈಪ್ ಬೇಡವೇ ಬೇಡ. ಟಾರ್ಚಿಗೆ ಹೋಗುವ ಗ್ಯಾಸಿನ ಒತ್ತಡ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ 1 ಕೆಜಿ ದಾಟಬಾರದು. ಒತ್ತಡ ಜಾಸ್ತಿಯಾದರೆ ಗಾಳಿಯ ಹಂಗಿಲ್ಲದೆ ಈ ಗ್ಯಾಸ್ ತಾನಾಗಿಯೇ ಒಡೆದು ಸಿಡಿಯುತ್ತದೆ.

ಆಮೇಲೆ ಅಚ್ಚು ಕಾಯಿಸಿ. ಬರ್ನರ್ ಹಿಡಿದ ತಕ್ಷಣ ತಣ್ಣಗಿನ ಕಬ್ಬಿಣ ಬೆವರುತ್ತದೆ. ಆ ಬೆವರು ಪೂರ್ತಿ ಆರಿದ ಮೇಲೂ ಇನ್ನಷ್ಟು ಕಾಯಿಸಿ. ಒಂದು ಮಳೆಗಾಲದ ಬೆಳಗ್ಗೆ ನಾನು ಅವಸರ ಮಾಡಿದೆ. ತೇವ ಉಳಿದಿತ್ತು, ಲೋಹ ಸಿಡಿಯಿತು. ಎಡ ಮೊಣಕೈ ಮೇಲೆ ಕಲೆ ಇನ್ನೂ ಇದೆ.

ಈಗ ಮಸಿ. ಆಕ್ಸಿಜನ್ ಪೂರ್ತಿ ಬಂದ್. ಅಸಿಟಿಲೀನ್ ಮಾತ್ರ ಸ್ವಲ್ಪ ತೆರೆದು ಸ್ಪಾರ್ಕ್ ಲೈಟರ್‌ನಿಂದ ಹಚ್ಚಿ. ಹಳದಿ ಉರಿ ಏಳುತ್ತದೆ, ಅದರ ತುದಿಯಿಂದ ಕಪ್ಪು ಎಳೆಗಳು ಹಾರುತ್ತವೆ, ಸೌದೆ ಒಲೆಯ ಮನೆಯಲ್ಲಿ ಜಂತೆಗೆ ಜೋತುಬಿದ್ದ ಇಲ್ಲಣದ ಹಾಗೆ. ಕಿಟಕಿ ತೆರೆದಿರಲಿ, ಮಾಸ್ಕ್ ಹಾಕಿಕೊಳ್ಳಿ. ಉರಿಯ ಬುಡ ಬೇಡ, ಬಾಲ ಮಾತ್ರ ಅಚ್ಚಿಗೆ ಸವರಬೇಕು. ಕೈ ನಿಲ್ಲಬಾರದು, ನಿಂತ ಕಡೆ ಮಸಿ ಗುಪ್ಪೆಯಾಗುತ್ತದೆ. ಆ ಗುಪ್ಪೆಯ ಗುರುತು ಪೀಸಿನ ಮೇಲೆ ಹಾಗೇ ಮೂಡುತ್ತದೆ. ಮಖಮಲ್ಲಿನಂತೆ ಹೊಳಪಿಲ್ಲದ ಕಪ್ಪು ಬಂತಾ, ಸಾಕು.

ಬ್ಯಾಟರಿ ಸೆಲ್ಲಿಗೆ ಹಾಕುವ ಅಸಿಟಿಲೀನ್ ಬ್ಲ್ಯಾಕ್ ಅನ್ನುವ ಮಸಿಪುಡಿಯೂ ಇದೇ ಗ್ಯಾಸಿನದು, ಅದನ್ನು ಮಾಡುವ ದಾರಿ ಬೇರೆ. ಗಾಳಿ ಸೋಕದ ಕುಲುಮೆಯನ್ನು 800 ಡಿಗ್ರಿಗೂ ಮೇಲೆ ಕಾಯಿಸಿ ಗ್ಯಾಸ್ ಬಿಡುತ್ತಾರೆ. ಅದು ಇಂಗಾಲ, ಹೈಡ್ರೋಜನ್ ಆಗಿ ಒಡೆಯುತ್ತದೆ. ಒಡೆಯುವಾಗ ಹುಟ್ಟುವ ಶಾಖದಲ್ಲೇ ಕುಲುಮೆ ಮುಂದೆ ನಡೆಯುತ್ತದೆ. ಅದು ಫ್ಯಾಕ್ಟರಿ ಕೆಲಸ, ಶೆಡ್‌ನಲ್ಲಿ ಸುಮ್ನೆ ಕೈ ಹಾಕಬೇಡಿ.

ಹೊಯ್ಯುತ್ತಾ ಹೋದಂತೆ ಅಚ್ಚಿನ ಮೂಲೆಗಳಲ್ಲಿ ಕಬ್ಬಿಣ ಮಿನುಗತೊಡಗುತ್ತದೆ. ಮಸಿ ಸವೆದಿದೆ ಅಂತ ಅರ್ಥ, ಅಲ್ಲಿಗೆ ಮತ್ತೆ ಉರಿಯ ಬಾಲ ಹಿಡಿಯಿರಿ. ಕೆಲಸ ಮುಗಿದ ಮೇಲೆ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಹೋಸ್‌ನಲ್ಲಿ ಉಳಿದ ಗ್ಯಾಸ್ ಹೊರಗೆ ಬಿಟ್ಟು, ಗೇಜ್ ಸೊನ್ನೆಗೆ ಇಳಿದ ಮೇಲೆ ಟಾರ್ಚ್ ಬಂದ್ ಮಾಡಿ.